ಅಂಕಪಟ್ಟಿಯಲ್ಲಿ ಕಾಣದ ಗಟ್ಟಿತನ

ಸಿಯಾಟಲ್ ಸಮೀಪದ ಟೋಟೆಮ್ ಲೇಕ್‌ನಲ್ಲಿ ನೆಲೆಸಿರುವ ನಮ್ಮಂಥ ಅನೇಕ ಕನ್ನಡ ಕುಟುಂಬಗಳ ಬದುಕು ಸುತ್ತಲಿನ ಐಟಿ ಕಂಪನಿಗಳನ್ನೇ ನೆಚ್ಚಿಕೊಂಡಿದೆ. ಪಕ್ಕದ ರೆಡ್‌ಮಂಡ್‌ನಲ್ಲಿ ಕೇಂದ್ರ ಕಚೇರಿಯಿರುವ ಮೈಕ್ರೋಸಾಫ್ಟ್ 2023ರ ಜನವರಿಯಲ್ಲಿ 10,000 ಹುದ್ದೆಗಳ ಕಡಿತ ಘೋಷಿಸಿತು. ಎಚ್‌-1ಬಿ ವೀಸಾದವರು ಕೆಲಸ ಕಳೆದುಕೊಂಡರೆ ಸಾಮಾನ್ಯವಾಗಿ ಸಿಗುವ ಕಾಲಾವಕಾಶ 60 ದಿನ ಮಾತ್ರ. ಅಷ್ಟರಲ್ಲಿ ಬೇರೆ ಕೆಲಸ ಸಿಗದಿದ್ದರೆ, ವೀಸಾ ಬದಲಾಗದಿದ್ದರೆ ಊರಿಗೆ ಹೊರಡಬೇಕು.

ಇಂಥ ಹೊತ್ತಿನಲ್ಲಿ ನಾವು ಮೊದಲು ಮಾಡುವುದು ಮಕ್ಕಳಿಂದ ವಿಷಯ ಮುಚ್ಚಿಡುವುದು. ಪ್ರೀತಿಯಿಂದಲೇ ಮುಚ್ಚಿಡುತ್ತೇವೆ. ಆದರೆ ಕಷ್ಟ ಬಂದಾಗ ಮನೆಯವರು ಹೇಗೆ ನಡೆದುಕೊಳ್ಳುತ್ತಾರೆ ಎಂಬ ಪಾಠವನ್ನು ಯಾವ ಶಾಲೆಯೂ ಕಲಿಸುವುದಿಲ್ಲ.

ಹವಾಯಿಯ ಕೌವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಕಲಹ, ಹೆತ್ತವರ ಕಾಯಿಲೆ ಹೀಗೆ ಹಲವು ಕಷ್ಟಗಳನ್ನು ಒಟ್ಟಿಗೆ ಉಂಡ ಮಕ್ಕಳಲ್ಲೂ ಸುಮಾರು ಮೂರನೇ ಒಂದು ಭಾಗದವರು ಸಮರ್ಥರಾಗಿ, ಆತ್ಮವಿಶ್ವಾಸದಿಂದ ಬೆಳೆದರು. ಅವರಿಗೆ ನೆರವಾದ ಸಂಗತಿಗಳಲ್ಲಿ ಎರಡು ನಮ್ಮ ಕೈಯಲ್ಲೇ ಇವೆ. ಒಂದು, ಅಜ್ಜಿಯೋ ಚಿಕ್ಕಮ್ಮನೋ ಶಿಕ್ಷಕರೋ, ಸದಾ ಬೆನ್ನಿಗೆ ನಿಲ್ಲುವ ಒಬ್ಬ ಹಿರಿಯರು. ಇನ್ನೊಂದು, ಚಿಕ್ಕಂದಿನಲ್ಲೇ ವಹಿಸಿಕೊಂಡ ಮನೆಯ ಜವಾಬ್ದಾರಿ.

ಕಷ್ಟವೇ ಮಕ್ಕಳನ್ನು ಗಟ್ಟಿ ಮಾಡುತ್ತದೆ ಎನ್ನುವವರಿದ್ದಾರೆ. ಉಳಿದ ಮೂರನೇ ಎರಡು ಭಾಗದ ಮಕ್ಕಳನ್ನು ಅವರು ಮರೆಯಬಾರದು. ಅವರಲ್ಲಿ ಹೆಚ್ಚಿನವರು ಮುಂದೆ ತೊಂದರೆಗೆ ಸಿಲುಕಿದರು. ಒಂಟಿಯಾಗಿ ಅನುಭವಿಸಿದ ಕಷ್ಟ ಮಗುವನ್ನು ಕುಗ್ಗಿಸುತ್ತದೆ. ಜೊತೆಗೆ ಯಾರಾದರೂ ಇದ್ದಾಗಲೇ ಅದು ಪಾಠವಾಗುತ್ತದೆ.

ಲೆಕ್ಕಪರಿಶೋಧಕನಾಗಿ ನನ್ನದೊಂದು ಸಲಹೆ. ಆರು ತಿಂಗಳ ಖರ್ಚಿನಷ್ಟು ಹಣ ಎತ್ತಿಡಿ. ಹತ್ತು ವರ್ಷ ದಾಟಿದ ಮಕ್ಕಳಿಗೆ ತಿಂಗಳ ಲೆಕ್ಕ ತೋರಿಸಿ. ಕೆಲಸ ಹೋದರೆ ಸರಳವಾಗಿ ಹೇಳಿ: ಇಷ್ಟು ಹಣವಿದೆ, ಹೀಗೆ ಹುಡುಕುತ್ತಿದ್ದೇವೆ, ಊರಿಗೆ ಮರಳಬೇಕಾದರೂ ಎಲ್ಲರೂ ಒಟ್ಟಿಗೆ ಇರುತ್ತೇವೆ. ಯಾವ ಖರ್ಚು ಕಡಿಮೆ ಮಾಡೋಣ ಎಂದು ಅವರನ್ನೂ ಕೇಳಿ.

ಊರಿನಲ್ಲಿರುವ ಅಜ್ಜ ಅಜ್ಜಿಯರಲ್ಲೂ ಒಂದು ವಿನಂತಿ. ನಿಮ್ಮ ಬೆಳಗಿನ ಕಾಫಿಯ ಹೊತ್ತಿಗೆ ಇಲ್ಲಿ ಹಿಂದಿನ ದಿನದ ಸಂಜೆ. ಮೊಮ್ಮಕ್ಕಳು ಶಾಲೆಯಿಂದ ಬಂದಿರುತ್ತಾರೆ. ಎಷ್ಟು ಮಾರ್ಕ್ಸ್ ಬಂತು ಎಂಬ ಪ್ರಶ್ನೆ ಒಂದು ದಿನ ಬದಿಗಿರಲಿ. ಮಳೆ ಕೈಕೊಟ್ಟ ವರ್ಷ ಮನೆ ಹೇಗೆ ನಡೆಯಿತು, ಎಸ್‌ಎಸ್‌ಎಲ್‌ಸಿ ಫೇಲಾದವರು ಮತ್ತೆ ಪರೀಕ್ಷೆ ಕಟ್ಟಿ ಹೇಗೆ ಮುಂದೆ ಬಂದರು ಎಂದು ಹೇಳಿ. ಆ ಬೆನ್ನಿಗೆ ನಿಲ್ಲುವ ಹಿರಿಯರು ಸಾವಿರಾರು ಮೈಲಿ ದೂರದಲ್ಲಿದ್ದರೂ ನೀವೇ ಆಗಬಹುದು.