ಆಟದ ಪೀರಿಯಡ್ಡಿಗೂ ಒಂದು ಚರಿತ್ರೆಯಿದೆ

ಇಂದಿರಾನಗರದ ರಸ್ತೆಗಳಲ್ಲಿ ಬೆಳಿಗ್ಗೆ ಶಾಲಾ ಬಸ್ಸಿಗೆ ಕಾಯುವ ಮಕ್ಕಳನ್ನು ಗಮನಿಸಿ. ವಾರಕ್ಕೊಂದು ದಿನ ಕೆಲವರ ಮೈಮೇಲೆ ಕೆಂಪು, ನೀಲಿ, ಹಸಿರು, ಹಳದಿ ಅಂಗಿ. ಅದು ಅವರವರ 'ಹೌಸ್' ಬಣ್ಣ. ಮಕ್ಕಳನ್ನು ತಂಡಗಳಾಗಿ ಹಂಚಿ ಆಟೋಟಗಳಲ್ಲಿ ಪೈಪೋಟಿಗೆ ಬಿಡುವ ಈ ಪದ್ಧತಿ ಇಂಗ್ಲೆಂಡಿನ ವಸತಿ ಶಾಲೆಗಳಿಂದ ಬಂದದ್ದು. ಅದರ ಹಿಂದೆ ಒಂದು ದಂಗೆಯ ಕಥೆಯೂ ಇದೆ.

ಇಂದಿರಾನಗರದಿಂದ ಕೆಲವೇ ಕಿಲೋಮೀಟರ್ ದೂರದ ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಬಿಷಪ್ ಕಾಟನ್ ಬಾಲಕರ ಶಾಲೆಯಿದೆ. 1865ರಲ್ಲಿ ಅದನ್ನು ಸ್ಥಾಪಿಸಿದವರು ಪಾದ್ರಿ ಸ್ಯಾಮ್ಯುಯಲ್ ಥಾಮಸ್ ಪೆಟ್ಟಿಗ್ರೂ. ಹೆಸರು ಮಾತ್ರ ಆಗಿನ ಕಲ್ಕತ್ತೆಯ ಬಿಷಪ್ ಜಾರ್ಜ್ ಕಾಟನ್ ಅವರದು. ಮರುವರ್ಷವೇ ಅವರು ಬಂಗಾಳದ ಕುಷ್ಟಿಯಾದಲ್ಲಿ ಹಡಗು ಹತ್ತುವಾಗ ಹಲಗೆಯಿಂದ ಜಾರಿ ನದಿಪಾಲಾದರು.

ಬಿಷಪ್ ಆಗುವ ಮೊದಲು ಕಾಟನ್ ಮೇಷ್ಟರಾಗಿದ್ದರು. ಇಂಗ್ಲೆಂಡಿನ ಮಾರ್ಲ್‌ಬರೋ ಶಾಲೆಯಲ್ಲಿ 1851ರಲ್ಲಿ ಹುಡುಗರು ದಂಗೆ ಎದ್ದಿದ್ದರು. ಮಿತಿಮೀರಿದ ಸಂಖ್ಯೆ, ಬಿಗಿ ಶಿಕ್ಷೆ, ಬಿಡುವಿನ ವೇಳೆಗೆ ಕೆಲಸವಿಲ್ಲದೆ ಊರೂರು ಅಲೆಯುವುದು, ಇವೆಲ್ಲ ಸೇರಿ ಶಾಲೆ ಕೈತಪ್ಪಿತ್ತು. 1852ರಲ್ಲಿ ಮುಖ್ಯೋಪಾಧ್ಯಾಯರಾಗಿ ಬಂದ ಕಾಟನ್ ಬೆತ್ತವನ್ನಷ್ಟೇ ನಂಬಲಿಲ್ಲ. ಮರುವರ್ಷ ಪಾಲಕರಿಗೆ ಒಂದು ಸುತ್ತೋಲೆ ಬರೆದು, ಹುಡುಗರ ಬಿಡುವನ್ನು ಕ್ರಿಕೆಟ್, ಫುಟ್‌ಬಾಲ್ ಮೈದಾನಕ್ಕೆ ತಿರುಗಿಸುವ ಯೋಜನೆ ತಿಳಿಸಿದರು. ಆಟ ಶಾಲೆಯ ವ್ಯವಸ್ಥೆಯೊಳಗೆ ಬಂತು, ಶಿಸ್ತೂ ಮರಳಿತು.

ಮುಂದೆ ಇದು ಇನ್ನೊಂದು ತುದಿಗೂ ಹೋಯಿತೆನ್ನಿ. ಇಂಗ್ಲೆಂಡಿನ ಎಷ್ಟೋ ಶಾಲೆಗಳಲ್ಲಿ ಆಟವೇ ಪೂಜೆಯಾಗಿ ಪುಸ್ತಕ ಹಿಂದೆ ಬಿತ್ತು. ಬೆಂಗಳೂರಿನ ಶಾಲೆಯ ಲ್ಯಾಟಿನ್ ಧ್ಯೇಯವಾಕ್ಯದ ಅರ್ಥ, 'ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ' ಎಂದು. ದಾರಿ ತಪ್ಪದೆ ನೇರ ನಡೆ ಎಂಬ ಈ ಮಾತನ್ನು ಆಟ, ಪಾಠಗಳ ತಕ್ಕಡಿಗೂ ಅನ್ವಯಿಸಬಹುದು. 1870ರ ದಶಕದಲ್ಲಿ ಈ ಶಾಲೆಯನ್ನು ನಡೆಸಿದ ಜಿ.ಯು. ಪೋಪ್, 1886ರಲ್ಲಿ ತಿರುಕ್ಕುರಳ್‌ನ ಇಂಗ್ಲಿಷ್ ಅನುವಾದ ಪ್ರಕಟಿಸಿದ ವಿದ್ವಾಂಸರು. ಅವರ ಹೆಸರಿನಲ್ಲೂ ಅಲ್ಲಿ ಒಂದು ಹೌಸ್ ಇದೆ. ಇಲ್ಲಿ ಓದಿದವರಲ್ಲಿ ಕೊಡಗಿನ ಜನರಲ್ ತಿಮ್ಮಯ್ಯ ಭೂಸೇನೆಯ ಮುಖ್ಯಸ್ಥರಾದರು. ರಾಜಾ ರಾಮಣ್ಣ ಪರಮಾಣು ವಿಜ್ಞಾನಿಯಾದರೂ ಪಿಯಾನೋ ಬಿಡಲಿಲ್ಲ.

ಪಾಲಕರೇ, ಮಗ ಹತ್ತನೇ ತರಗತಿಗೆ ಬಂದ ಕೂಡಲೇ ಮೊದಲು ಕತ್ತರಿ ಬೀಳುವುದು ಯಾವುದಕ್ಕೆ? ಪಿ.ಟಿ. ಪೀರಿಯಡ್ಡಿಗೆ. ಅಲ್ಲಿ ಗಣಿತದ ಮೇಷ್ಟರು ಬರುತ್ತಾರೆ, ಸಂಜೆಯನ್ನು ಟ್ಯೂಷನ್ ನುಂಗುತ್ತದೆ. ಸೋತ ಮೇಲೂ ಎದುರಾಳಿಯ ಕೈ ಕುಲುಕುವುದನ್ನು, ತನ್ನ ಅಂಕ ತಂಡದ ಲೆಕ್ಕಕ್ಕೆ ಸೇರಿದಾಗ ಹಿಗ್ಗುವುದನ್ನು ಯಾವ ಗೈಡೂ ಕಲಿಸುವುದಿಲ್ಲ. ಹಳೆಯ ಶಾಲೆಯ ಸೀಟಿಗಾಗಿ ಹಂಬಲಿಸುವ ನಾವು, ಆ ಶಾಲೆಗಳು ಉಳಿಸಿಕೊಂಡು ಬಂದ ಈ ಒಂದು ಗಂಟೆಯನ್ನು ಮನೆಯ ಟೈಮ್‌ಟೇಬಲ್ಲಿನಿಂದ ಅಳಿಸದಿದ್ದರೆ ಸಾಕು. ಅದಕ್ಕೆ ಡೊನೇಷನ್ನೂ ಬೇಕಿಲ್ಲ.