ಸೇತುವೆ ಬಂದು ಚಾರ್ಮ್ ಹೋಯ್ತಂತೆ!

ಕಳೆದ ಶನಿವಾರ ಸಂಜೆ ನಮ್ಮ ಟೀಮಿನ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬಂತು. 'ಸಿಗಂದೂರಿಗೆ ಈಗ ಹೋಗಿ ಏನ್ ಮಾಡೋದು ಮಗಾ? ಬ್ರಿಡ್ಜ್ ಆದ್ಮೇಲೆ ಲಾಂಚಲ್ಲಿ ಕಾರ್ ಹತ್ಸೋ ಮಜಾನೇ ಇಲ್ಲ. ಚಾರ್ಮೇ ಹೋಯ್ತು.' ಅದರ ಕೆಳಗೆ ಏಳು ಜನ ಅಳುವ ಮುಖ ಒತ್ತಿದ್ದರು. ಏಳು ಜನರಲ್ಲಿ ಒಬ್ಬನೂ ಹಿಂದೆ ಯಾವತ್ತೂ ಆ ಕಡೆ ತಲೆ ಹಾಕಿದವನಲ್ಲ. ನೋಡದ ಊರಿಗೆ ಸೂತಕ ಹಿಡಿಯುವುದು ನಮ್ಮ ಪೀಳಿಗೆಗೆ ಚೆನ್ನಾಗಿ ಬರುತ್ತೆ.

ಮೂರು ದಿನ, ಎರಡು ರಾತ್ರಿ, ಆರು ಜನ. ಶರಾವತಿ ಹಿನ್ನೀರಿನ ದಡದಲ್ಲಿ ಒಂದು ಹೋಮ್‌ಸ್ಟೇ ಹುಡುಕುವ ಕೆಲಸ ನನ್ನ ತಲೆಗೆ ಬಂದಿತ್ತು. 'ನೀನು ಹಳ್ಳಿಯವ್ನು, ಅವ್ರ್ ಹತ್ರ ಮಾತಾಡೋಕೆ ನೀನೇ ಕರೆಕ್ಟು' ಅಂತ. ಕುಣಿಗಲ್ ತಾಲ್ಲೂಕಿನ ಬಯಲುಸೀಮೆ ಹಳ್ಳಿಯವನಿಗೂ ಸಾಗರದ ಕರೂರು ಸೀಮೆಗೂ ಏನು ಸಂಬಂಧ ಅಂತ ಕೇಳಬೇಡಿ. ಬೆಂಗಳೂರಿನವರಿಗೆ ನೆಲಮಂಗಲ ದಾಟಿದರೆ ಎಲ್ಲ ಒಂದೇ 'ಊರ ಕಡೆ'.

ಒಂದು ಎಕ್ಸೆಲ್ ಶೀಟ್ ಮಾಡಿದೆವು. ಲೇಕ್ ವ್ಯೂ ಕಡ್ಡಾಯ. ಬಾಗಿಲು ತೆಗೆದರೆ ನೀರಿರಬೇಕು. ರಾತ್ರಿ ಬೆಂಕಿ ಹಾಕೋಕೆ ಬಿಡಬೇಕು, ಸ್ಪೀಕರ್ ಹಾಕಿದರೆ ಯಾರೂ ಬಂದು ಕೇಳಬಾರದು. ರೇಟಿಂಗ್ 4.5ಕ್ಕಿಂತ ಮೇಲೆ. ಕೊನೆಯ ಕಾಲಂನಲ್ಲಿ ಒಬ್ಬಳು ಬರೆದಳು: 'ನೆಟ್‌ವರ್ಕ್ ಇರದಿದ್ದರೆ ಬೆಸ್ಟ್. ಡಿಜಿಟಲ್ ಡಿಟಾಕ್ಸ್.'

ನನಗೆ ಮೈ ಉರಿದದ್ದು ಅಲ್ಲಿಂದ.

ಆ ಕರೂರು, ಬಾರಂಗಿ ಹೋಬಳಿಯ ಜನ 'ನೋ ನೆಟ್‌ವರ್ಕ್, ನೋ ವೋಟಿಂಗ್' ಅಂತ ಬೋರ್ಡ್ ಹಿಡಿದು ಕೂತಿದ್ದವರು ಕಣ್ರೀ. ಟವರ್ ಕೊಡದಿದ್ದರೆ ಮತ ಹಾಕಲ್ಲ ಅಂದವರು. ಆನ್‌ಲೈನ್ ಕ್ಲಾಸಿನ ದಿನಗಳಲ್ಲಿ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡದ ತುದಿಯಲ್ಲಿ ಕೊಡೆ ಹಿಡಿದು ಕೂತ ಫೋಟೊಗಳನ್ನು ನಾವೇ ಶೇರ್ ಮಾಡಿ ಕಣ್ಣೀರು ಹಾಕಿದ್ದೆವು. ಈಗ ಅದೇ ಸಿಗ್ನಲ್ ಇಲ್ಲದ ಗುಡ್ಡಕ್ಕೆ ರಾತ್ರಿಗಿಷ್ಟು ಅಂತ ದುಡ್ಡು ಕೊಟ್ಟು ಹೋಗುತ್ತೇವೆ, ಅವರಿಗೆ ಸಿಗ್ನಲ್ ಬಾರದಿರಲಿ ಅಂತ ಹಾರೈಸುತ್ತೇವೆ. ನಿಮಗೆ ಡಿಟಾಕ್ಸ್ ಬೇಕಾದರೆ ಫೋನ್ ಸ್ವಿಚಾಫ್ ಮಾಡಿ ಸ್ವಾಮಿ. ಅದಕ್ಕೊಂದು ಬಟನ್ ಇದೆ.

ಲೇಕ್ ವ್ಯೂ ಅಂದೆವಲ್ಲ, ಅದು ಲೇಕೂ ಅಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಾಗ ಮುಳುಗಿದ ಊರು, ತೋಟ, ಗದ್ದೆ, ಕಾಡುಗಳ ಮೇಲೆ ನಿಂತ ನೀರು ಅದು. ಬೇಸಿಗೆಯಲ್ಲಿ ನೀರಿಳಿದರೆ ಮರದ ಬೊಡ್ಡೆಗಳು ಮೇಲೇಳುತ್ತವೆ. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಇಡಿಯಾಗಿ ಮುಳುಗಿಹೋಗಿತ್ತಲ್ಲ, ಅದೂ ಆಗ ಹೊರಗೆ ಕಾಣುತ್ತೆ. ಒಂದು ಅಣೆಕಟ್ಟು ಇನ್ನೊಂದು ಅಣೆಕಟ್ಟನ್ನು ನುಂಗಿದ ಜಾಗ. ಪ್ರೀ ವೆಡ್ಡಿಂಗ್ ಶೂಟಿನಲ್ಲಿ ಆ ಬೊಡ್ಡೆಗಳ ಪಕ್ಕ ನಿಂತು ಪೋಸ್ ಕೊಡುವವರಿಗೆ ಇದು ಯಾರದೋ ತೋಟದ ಮರ ಇರಬಹುದು ಅಂತ ಹೊಳೆಯೋದಿಲ್ಲ. ನಾ. ಡಿಸೋಜ ಅಲ್ಲೇ ಶರಾವತಿ ಯೋಜನೆಯಲ್ಲಿ ನೌಕರಿ ಮಾಡಿಕೊಂಡು, ಕಣ್ಣಾರೆ ನೋಡಿ, 'ದ್ವೀಪ', 'ಮುಳುಗಡೆ' ಬರೆದರು. 'ದ್ವೀಪ' ಕಾಸರವಳ್ಳಿಯವರ ಸಿನಿಮಾ ಆಗಿ ಸ್ವರ್ಣಕಮಲವೂ ಬಂತು. ಓದೋಕೆ ಟೈಮಿಲ್ಲ ಅಂದ್ರೆ ಸಿನಿಮಾನಾದ್ರೂ ನೋಡಿ, ಸೌಂದರ್ಯ ಇದ್ದಾರೆ.

ಈ ಮುಳುಗಡೆ ಯಾರಿಗಾಗಿ ಆಯ್ತು? ನಾನಿರುವುದು ಹೆಗ್ಗನಹಳ್ಳಿಯಲ್ಲಿ, ಒಂದು ಲೇತ್ ಶಾಪಿನ ಮೇಲಿನ ಮೂರನೇ ಮಹಡಿಯಲ್ಲಿ. ಬೆಳಿಗ್ಗೆ ಎಂಟಕ್ಕೆ ಲೇತ್ ಶುರುವಾದರೆ ನನ್ನ ಸ್ಟ್ಯಾಂಡಪ್ ಕಾಲಿನಲ್ಲಿ ನಾನು ಮ್ಯೂಟ್. ಪೀಣ್ಯಕ್ಕೆ ಜಾಬ್‌ವರ್ಕ್ ಮಾಡಿಕೊಡುವ ಇಂಥ ಶೆಡ್ಡುಗಳು, ಪವರ್ ಪ್ರೆಸ್ಸು, ಹೊಲಿಗೆ ಮೆಷಿನ್ನುಗಳು ನಮ್ಮ ಕಡೆ ಗಲ್ಲಿಗೆ ಹತ್ತು. ಬಾಯ್ಲರ್ ಇಲ್ಲದೆ, ಕಲ್ಲಿದ್ದಲು ಇಲ್ಲದೆ, ಅಗ್ಗದ ಕರೆಂಟಿನ ಮೇಲೆ ಎದ್ದ ಬೆಂಗಳೂರು ಇದು. ಆ ಕರೆಂಟಿನ ದೊಡ್ಡ ಪಾಲು ಬಹಳ ವರ್ಷ ಬಂದದ್ದು ಶರಾವತಿಯಿಂದ. ಅಲ್ಲಿನ ಒಂದು ವಿದ್ಯುದಾಗಾರದ ಸಾಮರ್ಥ್ಯವೇ 1,035 ಮೆಗಾವಾಟ್. 'ನಾಡಿಗೆ ಬೆಳಕು ಕೊಟ್ಟವರು ತಾವು ಕತ್ತಲಲ್ಲಿ ಉಳಿದರು' ಅನ್ನುವ ಮಾತು ಮಂತ್ರಿಗಳ ಭಾಷಣದಲ್ಲಿ ಸವೆದು ಹೋಗಿದೆ, ಹಾಗಾಗಿ ನಾನು ಅದನ್ನು ಹೇಳಲ್ಲ. ಕರೆಂಟ್ ಬಿಲ್ಲು ಕಟ್ಟಿದ್ದೀವಿ, ಲೆಕ್ಕ ಚುಕ್ತಾ ಅನ್ನುವವರೂ ಇದ್ದಾರೆ. ಬಿಲ್ಲು ಕಟ್ಟಿದ್ದು ಕಂಪನಿಗೆ. ಮುಳುಗಿದ್ದು ಅವರ ಅಂಗಳ.

ಕರೆಂಟಿಗೇ ಮುಗೀಲಿಲ್ಲ ನೋಡಿ. 2019ರಲ್ಲಿ ಲಿಂಗನಮಕ್ಕಿಯ ನೀರನ್ನೇ ಪೈಪಿನಲ್ಲಿ ಬೆಂಗಳೂರಿಗೆ ತರೋ ಯೋಜನೆ ಬಂತು. ಜುಲೈ 10ಕ್ಕೆ ಶಿವಮೊಗ್ಗ ಜಿಲ್ಲೆ ಬಂದ್ ಆಯ್ತು. ಎಂಬತ್ತು ದಾಟಿದ್ದ ಡಿಸೋಜ ಆ ಹೋರಾಟದ ಮುಂದೆ ನಿಂತಿದ್ದರು. ಆವತ್ತು ನಮ್ಮ ಕ್ಯಾಂಟೀನಿನಲ್ಲಿ ಒಬ್ಬ, 'ನೀರ್ ಕೊಟ್ರೆ ಇವರಿಗೇನ್ ಗಂಟ್ ಹೋಗತ್ತೆ' ಅಂದಿದ್ದ. ಅವನೇ ಈಗ ಗ್ರೂಪಿನಲ್ಲಿ ಚಾರ್ಮ್ ಹೋಯ್ತು ಅಂದವನು.

ಇನ್ನು ಸೇತುವೆ ವಿಷಯಕ್ಕೆ ಬರ್ತೀನಿ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ 2.44 ಕಿಲೋಮೀಟರ್. 2025ರ ಜುಲೈ 14ರಂದು ಉದ್ಘಾಟನೆ. 1964ರಿಂದ ಲೆಕ್ಕ ಹಾಕಿದರೆ 61 ವರ್ಷ. ಅಷ್ಟು ವರ್ಷ ಹೊಳೆಬಾಗಿಲಿನ ಕಡವಿನಲ್ಲಿ ಆ ಜನ ಕಾದರು. ಆಸ್ಪತ್ರೆಗೆ, ಕಾಲೇಜಿಗೆ, ತಾಲ್ಲೂಕು ಕಚೇರಿಗೆ, ಅಡಿಕೆ ಮಾರೋಕೆ, ಎಲ್ಲದಕ್ಕೂ ಲಾಂಚು. ಕತ್ತಲಾದ ಮೇಲೆ ಲಾಂಚಿಲ್ಲ. ರಸ್ತೆಯಲ್ಲೇ ಹೋಗ್ತೀನಿ ಅಂದ್ರೆ ಹತ್ತಾರು ಕಿಲೋಮೀಟರ್ ಸುತ್ತು. 2023ರ ಬೇಸಿಗೆಯ ಕೊನೆಯಲ್ಲಿ ನೀರು ಎಷ್ಟು ಇಳಿದಿತ್ತೆಂದರೆ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಿದ್ದರು. ದೇವಸ್ಥಾನಕ್ಕೆ ಜನ ಮುಗಿಬೀಳುವ ದಿನಗಳಲ್ಲಿ ನಮ್ಮಂಥವರ ಕಾರುಗಳ ಸಾಲಿನ ಹಿಂದೆ ಊರವರ ಗಾಡಿ. ನಮಗೆ ಅದು ಹದಿನೈದು ಸೆಕೆಂಡಿನ ರೀಲ್.

ನನಗೆ ಇದು ಯಾಕೆ ಇಷ್ಟು ಚುಚ್ಚುತ್ತೆ ಅಂದ್ರೆ, ನಾನು ಆ ಕಡೆ ನಿಂತು ಇದನ್ನು ಕೇಳಿಸಿಕೊಂಡವನು. ಬಿ.ಇ. ಓದುವಾಗ ಹಬ್ಬಕ್ಕೆ ನಾಲ್ಕು ಜನ ಸ್ನೇಹಿತರನ್ನು ಊರಿಗೆ ಕರೆದುಕೊಂಡು ಹೋಗಿದ್ದೆ. ನಮ್ಮೂರಿಗೆ ಆಗ ದಿನಕ್ಕೆರಡು ಬಸ್ಸು, ಮಳೆ ಬಂದರೆ ಅದೂ ಇಲ್ಲ. ಅವರಲ್ಲೊಬ್ಬ ಜಗಲಿ ಮೇಲೆ ಕೂತು, 'ಅಂಕಲ್, ಈ ರೋಡಿಗೆ ಮಾತ್ರ ಟಾರ್ ಹಾಕಿಸ್ಬೇಡಿ, ಹೀಗೇ ಎಷ್ಟ್ ಚೆನ್ನಾಗಿದೆ' ಅಂದ. ನಮ್ಮಪ್ಪ ಕಾಯಿ ಸುಲಿಯುತ್ತಾ ತಲೆ ಎತ್ತದೆ, 'ಆಗ್ಲಪ್ಪ, ಹಂಗಾದ್ರೆ ಈ ಎರಡು ಮೂಟೆ ಕಾಯಿ ಹೊತ್ಕೊಂಡ್ ಹೋಗಿ ಸಂತೆಗೆ ಹಾಕ್ಬಿಟ್ ಬಾ' ಅಂದ್ರು. ಎಲ್ಲರೂ ನಕ್ಕೆವು. ನಾನೂ ನಕ್ಕೆ. ಸ್ನೇಹಿತನ ಎದುರು ಅಪ್ಪ ಹಾಗಂದರಲ್ಲ ಅಂತ ನಾಚಿಕೆಯೂ ಆಗಿತ್ತು. ಯಾರ ಮಾತಿಗೆ ನಾಚಿಕೆಪಡಬೇಕಿತ್ತು ಅಂತ ತಿಳಿಯೋಕೆ ಹತ್ತು ವರ್ಷ ಹಿಡೀತು.

ಇಲ್ಲಿ ಒಂದು ತಕರಾರು ಬರುತ್ತೆ, ಅದು ಸುಳ್ಳಲ್ಲ. ಸೇತುವೆ ಆದಮೇಲೆ ರೆಸಾರ್ಟಿನವರು ಬರ್ತಾರೆ, ಜಮೀನಿನ ದಲ್ಲಾಳಿಗಳು ಬರ್ತಾರೆ, ದಡದ ತುಂಬ ಬಾಟಲಿ ಬೀಳುತ್ತೆ ಅಂತ. ಬೀಳುತ್ತೆ. ಆದರೆ ಬಾಟಲಿ ಎಸೆಯೋರು ಯಾರು? ನಾವು. ನಮ್ಮ ಕಸಕ್ಕೆ ಹೆದರಿ ಅವರು ಇನ್ನೂ ಲಾಂಚಿಗೆ ಕಾಯುತ್ತಾ ಕೂರಬೇಕೇ? ಕಳ್ಳ ಬರ್ತಾನೆ ಅಂತ ಮನೆಗೆ ಬಾಗಿಲೇ ಇಡಿಸದ ಹಾಗಾಯ್ತು ಇದು. ರೆಸಾರ್ಟಿನ ಭಯ ನಿಜವಾಗಿ ಇರೋದು ಬೇರೆ ಕಡೆ. ಮುಳುಗಡೆಯಾದವರಿಗೆ ತೋರಿಸಿದ ಎಷ್ಟೋ ಜಾಗ ದಾಖಲೆಯಲ್ಲಿ ಇವತ್ತಿಗೂ ಅರಣ್ಯ. ಹಕ್ಕುಪತ್ರದ ಗೋಳು ಮೂರನೇ ತಲೆಮಾರಿಗೆ ಬಂದಿದೆ. ಪಹಣಿ ಇಲ್ಲದವನು ಯಾವ ಬ್ಯಾಂಕಿಗೆ ಹೋಗಿ ಎರಡು ರೂಮು ಕಟ್ಟೋಕೆ ಸಾಲ ಕೇಳ್ತಾನೆ? ಹೊರಗಿನಿಂದ ದುಡ್ಡು ತಂದವನು ಕಟ್ಟುತ್ತಾನೆ, ಊರವನು ಅವನ ಗೇಟಿಗೆ ವಾಚ್‌ಮನ್ ಆಗ್ತಾನೆ. ಚಾರ್ಮಿನ ಬಗ್ಗೆ ಅಳುವವರು ಇದರ ಬಗ್ಗೆ ಒಂದು ಇಮೋಜಿ ಒತ್ತಿದ್ದನ್ನು ನಾನು ನೋಡಿಲ್ಲ.

ಹೋಗ್ಲಿ, ಪ್ಲಾನಿನ ಕಥೆ ಮುಗಿಸ್ತೀನಿ. ಎರಡು ಮೂರು ಕಡೆ ವಿಚಾರಿಸಿ, ಕೊನೆಗೆ ತುಮರಿ ಹತ್ತಿರದ ಒಂದು ಮನೆಗೆ ಫೋನ್ ಮಾಡಿದೆ. ಫೋನ್ ಎತ್ತಿದ್ದು ಮನೆಯ ಯಜಮಾನತಿ. ತಲೆಗೆ 1,500, ಮೂರು ಹೊತ್ತಿನ ಊಟ ಸೇರಿ ಅಂದರು. ನಾನು ಗ್ರೂಪಿಗೆ ಹಾಕಿದೆ. 'ಬಾರ್ಗೇನ್ ಮಾಡು ಮಗಾ, 1,000ಕ್ಕೆ ಒಪ್ಕೋತಾರೆ' ಅಂತ ಬಂತು. ಏರ್‌ಪೋರ್ಟಿನಲ್ಲಿ 400 ರೂಪಾಯಿ ಕಾಫಿಗೆ ತುಟಿಪಿಟಿಕ್ ಅನ್ನದವರು! ನಾನು ಕೇಳಲಿಲ್ಲ. ಬದಲಿಗೆ, ಬಾಯಿ ತಡೆಯದೆ, 'ಅಕ್ಕಾ, ಸೇತುವೆ ಆದ್ಮೇಲೆ ಮೊದ್ಲಿನ ಚೆಂದ ಹೋಯ್ತು ಅಂತಾರಲ್ಲ' ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, 'ನಮ್ಮ ಅತ್ತೆಗೆ ಎದೆನೋವು ಬಂದಾಗ ರಾತ್ರಿ ಹತ್ತೂವರೆ. ಬೆಳಗಾಗೋ ತನಕ ಕಡವಲ್ಲೇ ಕೂತಿದ್ವಿ. ಆವತ್ತು ಹುಣ್ಣಿಮೆ ಸಾರ್. ನೀರು ಭಾರೀ ಚೆಂದ ಕಾಣ್ತಿತ್ತು' ಅಂದರು. ಅತ್ತೆ ಏನಾದರು ಅಂತ ಅವರೂ ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಆಗಲಿಲ್ಲ.

ಇಷ್ಟನ್ನು ಗ್ರೂಪಿನಲ್ಲಿ ಬರೆದೆ. ಒಬ್ಬ 'ಹೆವಿ ಆಯ್ತು ಬ್ರೋ' ಅಂದ. ಇನ್ನೊಬ್ಬ ಗೋಕರ್ಣದ ಲಿಂಕ್ ಹಾಕಿದ. ಆರು ಜನ ಮೂರಾದೆವು. ತಾಳಗುಪ್ಪ ರೈಲಿಗೆ ಸಾಗರದವರೆಗೆ ಟಿಕೆಟ್ ಆಗಿದೆ, ಸಾಗರದಿಂದ ಬಸ್ಸು. ಸ್ಪೀಕರ್ ತರುವುದಿಲ್ಲ ಅಂತ ಮೂವರೂ ಒಪ್ಪಿದ್ದೇವೆ.

ಅಡ್ವಾನ್ಸ್ ಕಳಿಸಿದ ಮೇಲೆ ಆಕೆಯೇ ಫೋನ್ ಮಾಡಿದರು. ಹಿಂದೆ ಲೇತ್ ಕಿರ್ರೋ ಅನ್ನುತ್ತಿತ್ತು. 'ಅದೆಂಥದ್ದು ಸಾರ್ ಸದ್ದು?' ಅಂದರು. ಕೆಳಗೆ ಲೇತ್ ಶಾಪ್ ಅಕ್ಕಾ ಅಂದೆ. 'ಹೌದಾ! ಹಾಗಾದ್ರೆ ಒಂದು ಉಪಕಾರ ಆಗ್ತಿತ್ತು. ತೋಟದ ಪಂಪಿನ ಬುಷ್ ಹೋಗಿದೆ. ಸಾಗರದಲ್ಲಿ ಅಳತೆಗೆ ಸರಿಯಾದ್ದು ಸಿಗ್ತಿಲ್ಲ. ಹಳೇದರ ಫೋಟೊ, ಅಳತೆ ಕಳಿಸ್ತೀನಿ, ಮಾಡ್ಸಿ ತರಕ್ಕಾಗ್ತದ? ದುಡ್ಡು ನಿಮ್ಮ ಬಿಲ್ಲಲ್ಲಿ ಮುರ್ಕೊಳ್ಳಿ.'

ಫೋಟೊ ಬಂದಿದೆ. ಸ್ಕೇಲ್ ಪಕ್ಕದಲ್ಲಿಟ್ಟು, ಮೂರು ಕಡೆಯಿಂದ ನೀಟಾಗಿ ತೆಗೆದಿದ್ದಾರೆ. ಕಳಿಸೋಕೆ ನೆಟ್‌ವರ್ಕ್ ಇತ್ತು, ಸದ್ಯ. ಕೆಳಗಿನ ಶಾಪಿನವರಿಗೆ ತೋರಿಸಿದೆ. ಗನ್‌ಮೆಟಲ್‌ನಲ್ಲಿ ಹೊಡೆಸಿದರೆ ಬಾಳಿಕೆ ಬರುತ್ತೆ, ಗುರುವಾರ ಸಂಜೆ ಬನ್ನಿ ಅಂದಿದ್ದಾರೆ.