ಶಂಕೆಯ ಮಾತು, ಜೆಸಿಬಿಯ ಸದ್ದು

ಕೆ.ಆರ್. ಪುರದಿಂದ ಹೊರವರ್ತುಲ ರಸ್ತೆ ಹಿಡಿದು ಮಾರತಹಳ್ಳಿ ದಾಟಿದರೆ ಬೆಳ್ಳಂದೂರಿನ ಮಗ್ಗುಲಲ್ಲಿ ಕರಿಯಮ್ಮನ ಅಗ್ರಹಾರ ಸಿಗುತ್ತದೆ. ಮನೆಗೆಲಸದವರು, ಕಟ್ಟಡ ಕಾರ್ಮಿಕರು, ಸೆಕ್ಯುರಿಟಿ ಗಾರ್ಡುಗಳು ಅಲ್ಲಿ ಶೆಡ್ಡು ಹಾಕಿಕೊಂಡು ಬದುಕುತ್ತಿದ್ದರು. 2020ರ ಜನವರಿ 12ರಂದು ಅಂದಿನ ಮಹದೇವಪುರ ಶಾಸಕ ಅರವಿಂದ ಲಿಂಬಾವಳಿ ಆ ಶೆಡ್ಡುಗಳ ವಿಡಿಯೊ ಒಂದನ್ನು ಟ್ವಿಟರ್‌ನಲ್ಲಿ ಹಾಕಿ, ಅಕ್ರಮ ಬಾಂಗ್ಲಾದೇಶಿ ವಲಸಿಗರು ಇರುವ ಶಂಕೆ ವ್ಯಕ್ತಪಡಿಸಿದರು. ಒಂದು ವಾರದ ಅಂತರದಲ್ಲಿ ಜೆಸಿಬಿ ಬಂತು. ಮನೆ ಕಳೆದುಕೊಂಡವರಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆಗೆ ಉತ್ತರ ಕರ್ನಾಟಕದವರೂ ಇದ್ದರು. ಆಧಾರ್, ಮತದಾರರ ಗುರುತಿನ ಚೀಟಿ ತೋರಿಸಿದರೂ ಗೋಡೆಗಳು ಉಳಿಯಲಿಲ್ಲ. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೈಕೋರ್ಟ್ ಮೆಟ್ಟಿಲೇರಿತು. ಅಂದಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ನೇತೃತ್ವದ ಪೀಠ, ಹೀಗೆ ಜನರನ್ನು ಒಕ್ಕಲೆಬ್ಬಿಸಲು ಪೊಲೀಸರಿಗೆ ಯಾವ ಅಧಿಕಾರವಿದೆ ಎಂದು ಪ್ರಶ್ನಿಸಿತು.

ಆ ಟ್ವೀಟಿನಲ್ಲಿ ಬೈಗುಳವಿರಲಿಲ್ಲ. ಹೊಡೆಯಿರಿ ಎಂಬ ಕರೆಯೂ ಇರಲಿಲ್ಲ. ಇದ್ದದ್ದು ಶಂಕೆ ಮತ್ತು ಕಾಳಜಿಯ ದನಿ. ಆದರೆ ಬಡವರ ಬಿಡಾರ ಕಂಡಲ್ಲೆಲ್ಲ ನುಸುಳುಕೋರರನ್ನು ಕಾಣುವ ಅಭ್ಯಾಸ ಒಂದೇ ದಿನದಲ್ಲಿ ಬಂದದ್ದಲ್ಲ. ಹೆಸರಿಲ್ಲದ ಖಾತೆಗಳು, ವಾಟ್ಸ್‌ಆ್ಯಪ್ ಫಾರ್ವರ್ಡುಗಳು ಅದನ್ನು ವರ್ಷಗಟ್ಟಲೆ ಬೆಳೆಸಿವೆ. ಜಾಲತಾಣಗಳ ಉಗ್ರ ಬಲಪಂಥೀಯರ ಭಾಷೆಯನ್ನು ಅಧ್ಯಯನ ಮಾಡುವವರು ಮೊದಲು ಗಮನಿಸಬೇಕಾದ್ದು ಇದನ್ನು: ಅಂಚಿನಲ್ಲಿ ಹುಟ್ಟಿದ ಮಾತು ಯಾವ ರೂಪ ತಾಳಿ ಮರ್ಯಾದಸ್ಥರ ಬಾಯಿಗೆ ಬರುತ್ತದೆ?

ತಮಾಷೆ ಅಂಥದೊಂದು ರೂಪ. ಅಮೆರಿಕದ ನವನಾಜಿ ಜಾಲತಾಣ ‘ದ ಡೈಲಿ ಸ್ಟಾರ್ಮರ್’ ತನ್ನ ಬರಹಗಾರರಿಗೆ ಕೊಟ್ಟಿದ್ದ ಕೈಪಿಡಿ 2017ರಲ್ಲಿ ಬಯಲಾಯಿತು. ಬರೆದದ್ದು ತಮಾಷೆಯೋ ನಿಜವೋ ಎಂದು ಹೊರಗಿನವರಿಗೆ ಗೊತ್ತಾಗಬಾರದು ಎಂಬುದು ಅದರ ಸೂಚನೆಗಳಲ್ಲೊಂದು. 2022ರ ಜನವರಿ 1ರಂದು ‘ಬುಲ್ಲಿ ಬಾಯಿ’ ಆ್ಯಪ್ ನೂರಕ್ಕೂ ಹೆಚ್ಚು ಮುಸ್ಲಿಂ ಮಹಿಳೆಯರ ಚಿತ್ರಗಳನ್ನು ‘ಹರಾಜಿ’ಗಿಟ್ಟಿತು. ಮುಂಬೈ ಪೊಲೀಸರು ಕೆಲವೇ ದಿನಗಳಲ್ಲಿ ಹಿಡಿದ ಮೊದಲ ಆರೋಪಿ, ಬೆಂಗಳೂರಿನಲ್ಲಿ ಓದುತ್ತಿದ್ದ 21 ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿ. ‘ಟ್ರ್ಯಾಡ್’ (ಸಂಪ್ರದಾಯವಾದಿ) ಎಂದು ತಮ್ಮನ್ನು ಕರೆದುಕೊಳ್ಳುವ ಹುಡುಗರ ಲೋಕ ಆಗ ಬೆಳಕಿಗೆ ಬಂತು. ಅಮೆರಿಕದ ಬಲಪಂಥೀಯರ ಕಪ್ಪೆ ಮೀಮ್‌ಗಳನ್ನೂ ಇವರು ಎರವಲು ತಂದಿದ್ದರು. ಒಳಗಿನವರಿಗೆ ನಗು, ಆ ಪಟ್ಟಿಯಲ್ಲಿ ತನ್ನ ಫೋಟೊ ಕಂಡ ಹೆಣ್ಣುಮಗಳಿಗೆ ಬೆದರಿಕೆ. ಪ್ರಶ್ನಿಸಿದರೆ ‘ಜೋಕ್ ಅಷ್ಟೇ’ ಎಂಬ ಉತ್ತರ. ಎಷ್ಟೊಂದು ಕ್ರೌರ್ಯ ಆ ಒಂದು ಮಾತಿನ ಹಿಂದೆ ಅಡಗುತ್ತದೆ!

ಇನ್ನೊಂದು ರೂಪ ಆತ್ಮರಕ್ಷಣೆಯದು. 1994ರ ರವಾಂಡಾ ನರಮೇಧವನ್ನು ಅಧ್ಯಯನ ಮಾಡಿದವರು ಗುರುತಿಸಿದ ತಂತ್ರವಿದು: ತಾವು ಮಾಡಹೊರಟದ್ದನ್ನು ಎದುರಾಳಿಯೇ ಮಾಡಲಿದ್ದಾನೆ ಎಂದು ನಂಬಿಸುವುದು. ದ್ವೇಷದ ಮಾತಿನ ಅಧ್ಯಯನಕಾರ್ತಿ ಸೂಸನ್ ಬೆನೆಶ್ ಅವರ ‘ಅಪಾಯಕಾರಿ ಮಾತು’ ಚೌಕಟ್ಟಿನಲ್ಲಿ ಇದಕ್ಕೆ ಮುಖ್ಯ ಸ್ಥಾನವಿದೆ. ಬೆನೆಶ್ ಪ್ರಕಾರ ಮಾತಿನ ಅಪಾಯವನ್ನು ಪದಗಳಿಂದ ಮಾತ್ರ ಅಳೆಯಲಾಗದು. ಹೇಳಿದವರು ಯಾರು, ಕೇಳಿದವರ ಭಯವೇನು, ಯಾವ ಮಾಧ್ಯಮ, ಎಂಥ ಹೊತ್ತು ಎಂಬುದನ್ನೂ ನೋಡಬೇಕು.

ಆದರೆ ನಮ್ಮ ಕಣ್ಣಿಗೆ ಬೀಳುವುದು ಕೊನೆಯ ಬೆಂಕಿ ಮಾತ್ರ. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನಲ್ಲಿ ಒಂದು ಫೇಸ್‌ಬುಕ್ ಪೋಸ್ಟ್ ನೆಪವಾಗಿ ಪುಲಕೇಶಿನಗರ ಶಾಸಕರ ಮನೆ, ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಠಾಣೆಗಳ ಮೇಲೆ ಗುಂಪೊಂದು ದಾಳಿ ಮಾಡಿತು. ಆ ಗುಂಪಿನ ಕೃತ್ಯ ಅಕ್ಷಮ್ಯ. ಬೆಂಕಿ ಎಲ್ಲರಿಗೂ ಕಂಡಿತು, ಎನ್‌ಐಎ ತನಿಖೆಯೂ ನಡೆಯಿತು. ನಿಧಾನವಾಗಿ ಊರಿನ ಮನಸ್ಸು ಕೆಡಿಸುವ ಮಾತಿಗೆ ಅಂಥ ತನಿಖೆಯಿಲ್ಲ.

ದ್ವೇಷ ಭಾಷಣ ತಡೆಗೆ ವಿಧಾನಸಭೆ 2025ರ ಡಿಸೆಂಬರ್‌ನಲ್ಲಿ ಮಸೂದೆ ಅಂಗೀಕರಿಸಿತು. ಆದರೆ ಪೊಲೀಸರ ಕೈಗೆ ಹೆಚ್ಚು ಅಧಿಕಾರ ಕೊಟ್ಟರೆ ಭಿನ್ನಮತವೇ ಮೊದಲು ಸಿಕ್ಕಿಬೀಳುವ ಅಪಾಯವಿದೆ. ಕಂಪನಿಗಳನ್ನು ನೆಚ್ಚುವಂತೆಯೂ ಇಲ್ಲ: ಹಿಂದಿ, ಬಂಗಾಳಿ ದ್ವೇಷದ ಪೋಸ್ಟುಗಳನ್ನು ಪತ್ತೆಹಚ್ಚುವ ವ್ಯವಸ್ಥೆಯೇ ಫೇಸ್‌ಬುಕ್‌ನಲ್ಲಿ ಸಾಕಷ್ಟಿರಲಿಲ್ಲವೆಂಬುದು 2021ರಲ್ಲಿ ಕಂಪನಿಯ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹೌಗೆನ್ ಹೊರಹಾಕಿದ ದಾಖಲೆಗಳಲ್ಲಿದೆ. ಬೆಂಗಳೂರಿನ ‘ಕ್ಯಾಂಪೇನ್ ಅಗೇನ್‌ಸ್ಟ್ ಹೇಟ್ ಸ್ಪೀಚ್’ ತಂಡ, ಕೊರೊನಾ ಕಾಲದಲ್ಲಿ ಕನ್ನಡ ಮಾಧ್ಯಮಗಳು ಮುಸ್ಲಿಮರ ಬಗ್ಗೆ ಆಡಿದ್ದನ್ನು 2020ರಲ್ಲೇ ವರದಿಯಾಗಿ ದಾಖಲಿಸಿತ್ತು. ವಿಶ್ವವಿದ್ಯಾಲಯಗಳ ಕನ್ನಡ, ಪತ್ರಿಕೋದ್ಯಮ ವಿಭಾಗಗಳು ಆ ಕೆಲಸವನ್ನು ಜಾಲತಾಣಗಳಿಗೆ ವಿಸ್ತರಿಸಬೇಕು. ಪೋಸ್ಟುಗಳು ಅಳಿಸಿಹೋಗುವ ಮೊದಲೇ ದಿನಾಂಕ, ಸಂದರ್ಭ ಸಮೇತ ಸಂಗ್ರಹಿಸಬೇಕು. ಗುರಿಯಾದವರ ಗುರುತು ಮರೆಮಾಡಿ ವಕೀಲರಿಗೆ, ಪತ್ರಕರ್ತರಿಗೆ ಒದಗಿಸಬೇಕು.